ಹರಿಯುವ ನೀರೇ ಜಂಗಮ: ಹಂಪೆಯ ಹೊಳೆ-ಕಾಲುವೆಗಳ ದಂಡೆಯಲ್ಲಿ

ಕಳೆದ ಕಾರ್ತೀಕದಲ್ಲಿ ನಮ್ಮ ಮಠಕ್ಕೆ ನಡೆದುಕೊಳ್ಳುವ ಭಕ್ತರ ಗುಂಪೊಂದು ಹಂಪೆಗೆ ಹೋಗಿ ಬಂದಿತ್ತು. ಪ್ರಸಾದಕ್ಕೆ ಕುಳಿತಾಗ ಅವರಲ್ಲಿ ಹಿರಿಯರೊಬ್ಬರು, “ಅಜ್ಜಾರೆ, ವಿರೂಪಾಕ್ಷನ ದರ್ಶನ ಚಲೋ ಆತ್ರಿ. ಉಳಿದದ್ದೆಲ್ಲಾ ಬರೇ ಬಿದ್ದ ಗ್ವಾಡಿ, ಮುರಿದ ಕಲ್ಲು. ಅಷ್ಟು ದೊಡ್ಡ ರಾಜ್ಯ ಹಿಂಗ ಮಣ್ಣಾತಲ್ಲ ಅಂತ ಮನಸ್ಸಿಗೆ ಬ್ಯಾಸರಾತು” ಎಂದರು.

“ಕಾಲುವೆ ನೋಡಿದಿರೇನು?” ಎಂದು ಕೇಳಿದೆವು.

“ಯಾವ ಕಾಲುವೆರೀ?” ಎಂದು ಅವರು ನಮ್ಮನ್ನೇ ಕೇಳಿದರು.

ಅವರು ಬಡವಿಲಿಂಗದ ಮುಂದೆ ನಿಂತು ಕೈಮುಗಿದು ಬಂದಿದ್ದರು. ಲಿಂಗದ ಪೀಠವನ್ನು ಸುತ್ತುವರಿದ ನೀರನ್ನೂ ಕಂಡಿದ್ದರು. ಆ ನೀರು ಎಲ್ಲಿಂದ ಬರುತ್ತದೆ, ಎಷ್ಟು ಕಾಲದಿಂದ ಬರುತ್ತಿದೆ, ಯಾರು ತಂದರು ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ. ತಪ್ಪು ಅವರದಲ್ಲ. ವಾಹನದಲ್ಲಿ ಹೋದವರಿಗೆ ಗೋಪುರ ಕಾಣುತ್ತದೆ, ಮಂಟಪ ಕಾಣುತ್ತದೆ, ನೀರು ಕಾಣುವುದಿಲ್ಲ. ನೀರನ್ನು ಕಾಣಬೇಕಾದರೆ ಅದರ ದಂಡೆ ಹಿಡಿದು ನಡೆಯಬೇಕು. ಆದ್ದರಿಂದ ಮುಂದಿನ ತಿಂಗಳು ಅದೇ ಭಕ್ತರನ್ನು ಕೂಡಿಕೊಂಡು ಎರಡು ದಿನ ಹಂಪೆಯಲ್ಲಿ ಕಾಲ್ನಡಿಗೆಯಿಂದ ತಿರುಗಿ ಬಂದೆವು. ಅಲ್ಲಿ ಕಂಡದ್ದನ್ನೂ, ಮರಳಿ ಬಂದ ಮೇಲೆ ನಮ್ಮನ್ನು ಕಾಡಿದ್ದನ್ನೂ ಈ ವಾರ ಓದುಗ ಸದ್ಭಕ್ತರ ಮುಂದೆ ಇಡುತ್ತಿದ್ದೇವೆ.

ಹೊಳೆಯ ದಂಡೆಯ ದಾರಿ

ತುಂಗೆ ಮತ್ತು ಭದ್ರೆ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗುತ್ತವೆ. ಬಯಲಿನಲ್ಲಿ ಹರಡಿಕೊಂಡು ಬರುವ ತುಂಗಭದ್ರೆ ಹಂಪೆಯ ಹತ್ತಿರ ಬಂಡೆಗಳ ನಡುವೆ ಸಿಕ್ಕಿ ಸೀಳಾಗಿ, ನಡುಗಡ್ಡೆಗಳನ್ನು ಬಳಸಿ, ಮತ್ತೆ ಕೂಡಿ ಮುಂದೆ ಹೋಗುತ್ತಾಳೆ. ಪಂಪೆಯೆಂಬುದು ಈ ಹೊಳೆಯ ಹಳೆಯ ಹೆಸರು. ಪಂಪೆಯಿಂದಲೇ ಹಂಪೆ. ಹರಿಹರ, ರಾಘವಾಂಕರಂಥ ಶಿವಕವಿಗಳು ವಿರೂಪಾಕ್ಷನನ್ನು ನೆಚ್ಚಿ ಬಾಳಿದ್ದು ಈ ನೆಲದಲ್ಲಿ. ಇದೆಲ್ಲವೂ ವಿಜಯನಗರ ಹುಟ್ಟುವುದಕ್ಕಿಂತ ಹಿಂದಿನ ಮಾತು. 1336ರಲ್ಲಿ ರಾಜಧಾನಿಗೆ ಅಡಿಪಾಯ ಬಿದ್ದಾಗ ಕ್ಷೇತ್ರ ಆಗಲೇ ಇತ್ತು, ಹೊಳೆಯಂತೂ ಇದ್ದೇ ಇತ್ತು.

ಬೆಳಗಿನ ಜಾವ ಹೊಳೆಯಲ್ಲಿ ಮಿಂದು, ದಂಡೆಯ ಕಲ್ಲಿನ ಮೇಲೆ ಕುಳಿತು ಇಷ್ಟಲಿಂಗಪೂಜೆ ಮುಗಿಸಿ, ವಿರೂಪಾಕ್ಷನ ದರ್ಶನ ಮಾಡಿದೆವು. ಗುಡಿಯ ಅಡುಗೆಮನೆಗೆ ಹೊಳೆಯ ನೀರು ತಾನಾಗಿ ಬರುವಂತೆ ಹಿಂದಿನವರು ಕಿರುಗಾಲುವೆ ಮಾಡಿದ್ದರು. ದೇವರ ಗುಡಿಯನ್ನು ಕಟ್ಟುವಾಗಲೇ ಉಣ್ಣುವವರ ಎಣಿಕೆಯೂ ಆಗಿತ್ತು. ಪೂಜೆಯ ಜೊತೆಗೆ ದಾಸೋಹದ ವಿಚಾರ ಬಿಡಬಾರದೆಂಬುದನ್ನು ಆ ಕಿರುಗಾಲುವೆ ಇಂದಿಗೂ ನೆನಪಿಸುತ್ತದೆ.

ಅಲ್ಲಿಂದ ಬಜಾರಿನ ಸಾಲುಮಂಟಪಗಳನ್ನು ದಾಟಿ, ಪೂರ್ವದ ತುದಿಯಲ್ಲಿ ಕುಳಿತ ಏಕಶಿಲೆಯ ಬಸವಣ್ಣನಿಗೆ ನಮಿಸಿ, ಎಡಕ್ಕೆ ಹೊಳೆಯ ದಾರಿ ಹಿಡಿದರೆ ಚಕ್ರತೀರ್ಥ ಸಿಗುತ್ತದೆ. ಹೊಳೆ ಇಲ್ಲಿ ತಿರುವು ತೆಗೆದುಕೊಳ್ಳುತ್ತದೆ, ಸುಳಿ ಬಲವಾಗಿರುತ್ತದೆ. ದಂಡೆಯಲ್ಲಿ ಕೋದಂಡರಾಮನ ಗುಡಿ. ಹೊಳೆ ಇಳಿದ ದಿನಗಳಲ್ಲಿ ಹರಿಗೋಲಿನವರು ಬಂಡೆಗಳ ಸಂದಿಯಲ್ಲಿ ಕರೆದುಕೊಂಡು ಹೋಗಿ ಕೋಟಿಲಿಂಗವನ್ನು ತೋರಿಸುತ್ತಾರೆ. ಹಾಸುಬಂಡೆಯ ಮೇಲೆ ಸಾಲುಸಾಲಾಗಿ ಕೊರೆದ ಸಣ್ಣ ಸಣ್ಣ ಲಿಂಗಗಳವು. ಗುಡಿಯಿಲ್ಲ, ಗೋಡೆಯಿಲ್ಲ, ಅರ್ಚಕರಿಲ್ಲ. ಹೊಳೆ ಏರಿದಾಗ ತಾನೇ ಬಂದು ಅಭಿಷೇಕ ಮಾಡಿ ಇಳಿದು ಹೋಗುತ್ತದೆ.

ದಾರಿ ಬಂಡೆಗಳ ಸಂದಿಯಲ್ಲಿ ಏರಿ ಇಳಿದು ಸುಮಾರು ಎರಡು ಕಿಲೋಮೀಟರಿನಷ್ಟು ಹೋಗಿ ವಿಜಯವಿಠ್ಠಲನ ಗುಡಿಯನ್ನು ಮುಟ್ಟುತ್ತದೆ. ನಡುವೆ ಅಚ್ಯುತರಾಯನ ಕಾಲದ ಗುಡಿಯ ಕಡೆಗೆ ಕವಲುದಾರಿಯಿದೆ, ಸುಗ್ರೀವನ ಗವಿಯಿದೆ. ಹೊಳೆಯ ಅಂಚಿಗೆ ಪುರಂದರ ಮಂಟಪ, ಅದರ ಆಚೆ ನೀರಿನಲ್ಲಿ ನಿಂತ ಹಳೆಯ ಸೇತುವೆಯ ಕಲ್ಲುಕಂಬಗಳ ಸಾಲು. ಸೇತುವೆ ಹೋಗಿ ಕಂಬಗಳಷ್ಟೇ ಉಳಿದಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಸರಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಹಂಪೆಯ ಹೊಳೆ ಅದರೊಳಗೇ ಬರುತ್ತದೆ. ಮನುಷ್ಯರ ರಾಜಧಾನಿ ಹಾಳಾದರೂ ನೀರಿನ ಜೀವಿಗಳ ಮನೆ ಇನ್ನೂ ಉಳಿದಿದೆಯೆಂದು ಸಂತೋಷಪಡುವಷ್ಟರಲ್ಲಿ ದಂಡೆಯ ಕಲ್ಲುಗಳ ಸಂದಿಯಲ್ಲಿ ಮಿಂದವರು ಬಿಟ್ಟುಹೋದ ಹಳೆಯ ಬಟ್ಟೆ, ಶಾಂಪೂ ಚೀಟಿ, ಕರ್ಪೂರದ ಪ್ಲಾಸ್ಟಿಕ್ ಹಾಳೆ ಕಣ್ಣಿಗೆ ಬಿದ್ದವು. ನಮ್ಮ ಜೊತೆಗಿದ್ದ ತಾಯಂದಿರು ಮಾತಾಡದೆ ಆಯತೊಡಗಿದರು. ಒಂದು ಗೋಣಿಚೀಲ ತುಂಬಿತು.

ನಾವು ಅಷ್ಟಾವರಣದಲ್ಲಿ ಪಾದೋದಕಕ್ಕೆ ಸ್ಥಾನ ಕೊಟ್ಟವರು. ನೀರನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವವರು. ಅಂಗೈಯಲ್ಲಿ ಹಿಡಿದ ನೀರು ಪವಿತ್ರ, ಹೊಳೆಯಲ್ಲಿ ಹರಿಯುವ ನೀರು ಕಸದ ತೊಟ್ಟಿ ಎಂದಾದರೆ ನಮ್ಮ ಪಾದೋದಕದ ನಂಬಿಗೆಗೆ ಏನು ಅರ್ಥ ಉಳಿಯಿತು?

ಬಂಡೆಯನ್ನು ಒಲಿಸಿಕೊಂಡ ಒಡ್ಡು

ಮಧ್ಯಾಹ್ನದ ಪ್ರಸಾದ ಮುಗಿಸಿ ಕಾಲುವೆಯ ಕಡೆಗೆ ತಿರುಗಿದೆವು. ಹಂಪೆಯ ಸುತ್ತ ವಿಜಯನಗರದ ಕಾಲದ ಹಲವು ಕಾಲುವೆಗಳು ಈಗಲೂ ಹೊಲಗಳಿಗೆ ನೀರುಣಿಸುತ್ತಿವೆ. ಹಂಪೆಯ ಮಡಿಲಲ್ಲೇ ಹರಿಯುವುದು ತುರ್ತು ಕಾಲುವೆ. ಶಾಸನಗಳಲ್ಲಿ ಬರುವ ಹಿರಿಯ ಕಾಲುವೆ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಇದರ ಕಟ್ಟೋಣದ ರೀತಿ ತಿಳಿದುಕೊಳ್ಳುವಂಥದು. ಹಂಪೆಯ ಮೇಲ್ಗಡೆ ಹೊಳೆ ಬಂಡೆ ಮತ್ತು ನಡುಗಡ್ಡೆಗಳ ನಡುವೆ ಹಲವು ಸೀಳಾಗಿ ಹರಿಯುತ್ತದೆ. ಅಂದಿನವರು ಹೊಳೆಗೆ ಅಡ್ಡಲಾಗಿ ಒಂದೇ ನೇರ ಗೋಡೆ ಕಟ್ಟಲು ಹೋಗಲಿಲ್ಲ. ಹೊಳೆಯಲ್ಲಿ ತಾವಾಗಿಯೇ ನಿಂತ ಬಂಡೆಗಳನ್ನು ಆಸರೆ ಮಾಡಿಕೊಂಡು, ನಡುವಣ ಸಂದುಗಳಲ್ಲಿ ಮಾತ್ರ ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ ತುಂಡು ತುಂಡಾಗಿ ಒಡ್ಡು ಹಾಕಿದರು. ಒಡ್ಡು ಸೊಟ್ಟಗೆ, ಬಂಡೆ ಕರೆದ ಕಡೆಗೆ ತಿರುಗುತ್ತಾ ಹೋಗುತ್ತದೆ. ನೀರು ಸ್ವಲ್ಪ ಮಟ್ಟ ಏರಿ ದಂಡೆಯ ಕಾಲುವೆಗೆ ನುಗ್ಗುತ್ತದೆ. ಹೆಚ್ಚಾದ ನೀರು ಒಡ್ಡಿನ ಮೇಲೆ ಹಾದು ಹೊಳೆಗೇ ಸೇರುತ್ತದೆ. ಮಹಾಪೂರ ಬಂದರೂ ಒಡ್ಡು ಅದಕ್ಕೆ ಎದುರು ನಿಲ್ಲುವುದಿಲ್ಲ, ತಲೆಯ ಮೇಲೆ ಹಾದುಹೋಗಲು ಬಿಡುತ್ತದೆ. ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಮುಂದಿನವರಿಗೆ ಬಿಡುವ ಏರ್ಪಾಡು ಇದು.

ಒಳಗೆ ಬಂದ ನೀರು ಒಂದು ಕಡೆ ಹೊಳೆಯ ಸಮೀಪದ ಗುಡಿಗಳ ಕ್ಷೇತ್ರ, ಇನ್ನೊಂದು ಕಡೆ ಅರಮನೆಯ ಆವರಣ, ಇವೆರಡರ ನಡುವಿನ ತಗ್ಗಿನಲ್ಲಿ ಹರಿಯುತ್ತದೆ. ದಂಡೆಗುಂಟ ನಡೆದರೆ ಬಿಸಿಲು ನೆತ್ತಿಯ ಮೇಲಿದ್ದರೂ ಕಾಲಿಗೆ ತಂಪು. ಎರಡೂ ಬದಿಗೆ ಬಾಳೆ, ಭತ್ತ, ಕಬ್ಬು, ಅಲ್ಲಲ್ಲಿ ತೆಂಗು. ಅದರಾಚೆ ಕಾದ ಬಂಡೆಗಳ ಗುಡ್ಡ. ಕಾಲುವೆ ಇಲ್ಲದಿದ್ದರೆ ಈ ತಗ್ಗೂ ಆ ಗುಡ್ಡದಂತೆಯೇ ಇರುತ್ತಿತ್ತು.

ಬಡವಿಲಿಂಗ ಇರುವುದು ಈ ಕಾಲುವೆಯ ಮಗ್ಗುಲಲ್ಲಿ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು ಮೂರು ಮೀಟರ್ ಎತ್ತರದ ಲಿಂಗ. ಪಕ್ಕದಲ್ಲೇ 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ ಲಕ್ಷ್ಮೀನರಸಿಂಹನ ಭಾರೀ ಮೂರ್ತಿ. ಲಿಂಗವನ್ನು ಮಾಡಿಸಿದವಳು ಒಬ್ಬ ಬಡ ಹೆಣ್ಣುಮಗಳೆಂದು ಜನ ಹೇಳುತ್ತಾರೆ. ಅದಕ್ಕೇ ಆ ಹೆಸರು. ಆಕೆಯ ಹೆಸರು, ಊರು ಯಾವುದೂ ಉಳಿದಿಲ್ಲ. ಗರ್ಭಗುಡಿಗೆ ಮೇಲ್ಛಾವಣಿಯಿಲ್ಲ, ಬಿಸಿಲು ನೇರವಾಗಿ ಲಿಂಗದ ಮೇಲೆ ಬೀಳುತ್ತದೆ. ಕೆಳಗೆ ಕಾಲುವೆಯ ನೀರು ಪೀಠವನ್ನು ತೊಯ್ಯಿಸುತ್ತಾ ನಿಂತಿರುತ್ತದೆ. ಭಕ್ತರು ಮೊದಲ ಸಲ ಕೈಮುಗಿದು ಹೋದ ಜಾಗದಲ್ಲೇ ಈ ಸಲ ಬಹಳ ಹೊತ್ತು ಕುಳಿತರು.

ಒಣಗಿದ ಕಾಲುವೆ

ಮರುದಿನ ಬೆಳಿಗ್ಗೆ ಅರಮನೆಯ ಆವರಣಕ್ಕೆ ಹೋದೆವು. ಮಹಾನವಮಿ ದಿಬ್ಬದ ಹತ್ತಿರ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿಯಿದೆ. ಕಪ್ಪುಕಲ್ಲಿನ ಮೆಟ್ಟಿಲುಗಳ ಜೋಡಣೆ ಎಷ್ಟು ಅಚ್ಚುಕಟ್ಟೆಂದರೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಸೇರಬೇಕೆಂಬುದನ್ನು ಕಲ್ಲುಕುಟಿಗರು ಕಲ್ಲಿನ ಮೇಲೆಯೇ ಕನ್ನಡ ಅಕ್ಷರಗಳಲ್ಲಿ ಗುರುತು ಹಾಕಿದ್ದಾರೆ. ಅದರ ಪಕ್ಕದಲ್ಲೇ ಕಲ್ಲುಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಗಾಲುವೆ. ಕಮಲಾಪುರದ ಕೆರೆಯ ಕಡೆಯಿಂದ ಅರಮನೆಯ ಕೊಳಗಳಿಗೆ, ಸ್ನಾನಗೃಹಗಳಿಗೆ ನೀರು ತರಲು ಮಾಡಿದ್ದು. ಅಲ್ಲಿಂದ ಸ್ವಲ್ಪ ದೂರದಲ್ಲಿ ಭೋಜನಶಾಲೆಯೆಂದು ಕರೆಯುವ ಜಾಗವಿದೆ. ನಡುವೆ ಕಾಲುವೆ, ಎರಡು ಬದಿಗೆ ಕಲ್ಲಿನಲ್ಲೇ ಕೊರೆದ ತಟ್ಟೆಗಳ ಸಾಲು. ಅನ್ನಕ್ಕೆ ಒಂದು ಗುಳಿ, ಪಲ್ಯಕ್ಕೆ ಒಂದು, ಸಾರಿಗೆ ಒಂದು. ಉಂಡವರು ಕೈ ತೊಳೆಯಲು ಎದ್ದು ಹೋಗಬೇಕಿರಲಿಲ್ಲ.

ಈಗ ಆ ತಟ್ಟೆಗಳಲ್ಲಿ ಧೂಳಿದೆ. ಕಲ್ಲಿನ ದೋಣಿಗಾಲುವೆ ಒಣಗಿದೆ. 1565ರಲ್ಲಿ ರಕ್ಕಸತಂಗಡಿಯ ಯುದ್ಧ ಸೋತ ಮೇಲೆ ನಗರ ಸೂರೆಯಾಯಿತು, ಅರಸುಮನೆತನದವರು ರಾಜಧಾನಿಯನ್ನು ಬಿಟ್ಟು ಹೋದರು. ಕಲ್ಲು ಮುರಿದದ್ದಕ್ಕಿಂತ ಹೆಚ್ಚಾಗಿ, ನೀರಿನ ಆ ಕೊನೆಯಲ್ಲಿ ಕಾಯುವವರು ಯಾರೂ ಉಳಿಯದ್ದರಿಂದ ಅರಮನೆಯ ಕಾಲುವೆ ಒಣಗಿತು. ಅರ್ಧ ಗಂಟೆ ನಡಿಗೆಯ ದೂರದಲ್ಲಿ ತುರ್ತು ಕಾಲುವೆ ಮಾತ್ರ ಹರಿಯುತ್ತಲೇ ಇದೆ. ಅದರ ಕೊನೆಯಲ್ಲಿ ಒಬ್ಬ ರೈತ ಯಾವಾಗಲೂ ಕಾಯುತ್ತಿದ್ದ. ಅರಸರು ಬಂದರು, ಸುಲ್ತಾನರು ಬಂದರು, ಇಂಗ್ಲಿಷರು ಬಂದರು. ಆತನಿಗೆ ಬೆಳೆ ಬೇಕಿತ್ತು, ಬೆಳೆಗೆ ನೀರು ಬೇಕಿತ್ತು. ಅದಕ್ಕಾಗಿ ಆತ ಕಾಲುವೆಯನ್ನು ಬಿಡಲಿಲ್ಲ.

ಸ್ಥಾವರ ಮತ್ತು ಜಂಗಮಗಳ ಅಂತರವನ್ನು ಅಣ್ಣ ಬಸವಣ್ಣನವರು ಹೇಳಿದ್ದಾರೆ. ನಾವು ಅದನ್ನು ನೂರಾರು ಸಲ ಪ್ರವಚನದಲ್ಲಿ ವಿವರಿಸಿದ್ದೇವೆ. ಆದರೆ ಅದರ ಅರ್ಥ ಕಣ್ಣಿಗೆ ಕಟ್ಟುವಂತೆ ಕಂಡದ್ದು ಅಂದು, ಆ ಎರಡು ಕಾಲುವೆಗಳ ನಡುವೆ. ಜಂಗಮವೆಂದರೆ ಚಲಿಸುವುದು. ತನ್ನಲ್ಲಿ ನಿಲ್ಲಿಸಿಕೊಳ್ಳದೆ ಮುಂದಕ್ಕೆ ದಾಟಿಸುವುದು. ತನ್ನ ಸುಖಕ್ಕೆಂದು ನಿಲ್ಲಿಸಿಕೊಂಡ ನೀರು ಕೊಳದಲ್ಲಿ ಬತ್ತಿತು. ಇನ್ನೊಬ್ಬರ ಹೊಲಕ್ಕೆ ಹರಿದ ನೀರು ಉಳಿಯಿತು.

ಕೆರೆ ಕಟ್ಟಿಸಿದ ಶರಣರು

ಹಾಗೆಂದು ಕಟ್ಟುವುದೇ ವ್ಯರ್ಥವೆಂದು ಶರಣರು ಹೇಳಲಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಳು ಇದಕ್ಕೆ ಸಾಕ್ಷಿ. ಇಂದಿನ ಸೊಲ್ಲಾಪುರವೇ ಸೊನ್ನಲಿಗೆ. 12ನೆಯ ಶತಮಾನದಲ್ಲಿ ಅವರು ಅಲ್ಲಿ ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಮಣ್ಣು ಹೊರುವವರ ನಡುವೆಯೇ ಇದ್ದರು. ಇಂದಿಗೂ ಭೋವಿ ಸಮಾಜದವರು ಅವರನ್ನು ಕುಲಗುರುವೆಂದು ಪೂಜಿಸುತ್ತಾರೆ. ಅವರ ಚರಿತ್ರೆಯನ್ನು ಕಾವ್ಯವಾಗಿ ಬರೆದವರು ಇದೇ ಹಂಪೆಯ ರಾಘವಾಂಕರು.

ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆಯ ಕೆಲಸ ನಡೆದಿತ್ತು. ಪ್ರಭುಗಳು ಬಂದು, ಮಣ್ಣು ಅಗೆಸುವ ಆ ರಾಮನೆಲ್ಲಿ ಎಂದು ಹಗುರವಾಗಿ ಕೇಳಿದರು. ಗುರುವಿನ ನಿಂದೆ ಕೇಳಿ ಕೆಲಸಗಾರರು ಸಿಟ್ಟಾಗಿ ಕಲ್ಲು ಬೀರಿದರು. ಕಲ್ಲು ಪ್ರಭುಗಳಿಗೆ ತಾಗಲಿಲ್ಲ. ಸಿದ್ಧರಾಮರೇ ಬಂದು ವಾದಕ್ಕೆ ನಿಂತರು. ಕೊನೆಗೆ ಅರಿವು ಮೂಡಿ ಪ್ರಭುಗಳ ಜೊತೆ ಕಲ್ಯಾಣಕ್ಕೆ ನಡೆದರು, ಅಲ್ಲಿ ಚನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆದರು.

ಪ್ರಭುಗಳು ಒಡೆಯಲು ಬಂದದ್ದು ಕೆರೆಯನ್ನಲ್ಲ. ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ. ನೀರಿನ ನಡುವೆಯೇ ಸಿದ್ಧರಾಮರ ಗುಡಿಯಿದೆ. ಒಡೆಯಬೇಕಾಗಿದ್ದದ್ದು ‘ನಾನು ಕಟ್ಟಿಸಿದೆ’ ಎಂಬ ಹಮ್ಮು. ಆ ಹಮ್ಮು ಹೋದ ಮೇಲೆ ಉಳಿಯುವುದೇ ಕಾಯಕ. ಹಮ್ಮು ಇದ್ದಷ್ಟು ಕಾಲ ಅದು ಬರೀ ಕಾಮಗಾರಿ.

ಕೊನೆಯ ಹೊಲದ ಮಾತು

ಎರಡನೆಯ ದಿನದ ಸಂಜೆ ಕಾಲುವೆಯ ದಂಡೆಯಲ್ಲಿ ಒಬ್ಬ ವೃದ್ಧರು ಸಲಿಕೆ ಹಿಡಿದು ಮಡೆ ಕಟ್ಟುತ್ತಿದ್ದರು. ಕಾಲುವೆಯ ವಿಚಾರ ಕೇಳಿದೆವು. ಸಲಿಕೆ ಊರಿ ನಿಂತು ಹೇಳಿದರು: “ಅರಸರು ಕಟ್ಟ್ಯಾರಂತ ಬೋರ್ಡಿನ್ಯಾಗ ಬರದಾರ ಅಜ್ಜಾರೆ. ಕಟ್ಟಿದ್ದು ಒಂದು ಸಲ. ಹೂಳು ತಗದದ್ದು ವರ್ಷಾ ವರ್ಷಾ. ನಮ್ಮ ತಾತ ತಗದ, ನಮ್ಮಪ್ಪ ತಗದ. ಅದನ್ನ ಎಲ್ಲೀ ಬರದಿಲ್ಲ.”

“ಈಗ?” ಎಂದೆವು.

“ಈಗ ಸರಕಾರ ಮಾಡ್ಲಿ ಅಂತ ಕುಂತೀವಿ. ಮ್ಯಾಲಿನವರು ಮನಸಿಗೆ ಬಂದಷ್ಟು ತಿರುವಿಕೊಂತಾರ. ಕೆಳಗ ಕೊನೀ ಹೊಲದಾವ ರಾತ್ರಿ ನಿದ್ದಿ ಬಿಟ್ಟು ಕಾಯ್ತಾನ. ಒಂದೇ ಕಾಲುವಿ ನೀರು ಕುಡದವ್ರು ಕೋರ್ಟಿಗೆ ಹೋಗ್ಯಾರ.”

ಆ ಮಾತಿಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಜೊತೆ ಬಂದವರಲ್ಲಿ ಕಾಲುವೆಯ ಮೇಲ್ದಂಡೆಯಲ್ಲಿ ಜಮೀನಿದ್ದವರೂ ಇದ್ದರು.

ಹಿಂದೆ ಊರೂರಲ್ಲಿ ನೀರುಗಂಟಿಗಳಿದ್ದರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದು ಅವರ ಕೈಯಲ್ಲಿತ್ತು. ನೀರುಗಂಟಿ ಕೊನೆಯ ಹೊಲಕ್ಕೆ ನೀರು ಮುಟ್ಟಿಸಿದರೆ ಅವನ ಕೆಲಸ ಮುಗಿದಂತೆ. ಅದು ಸಣ್ಣ ಹುದ್ದೆಯಲ್ಲ. ಊರಿನ ನ್ಯಾಯ ಅವನ ಸಲಿಕೆಯ ತುದಿಯಲ್ಲಿತ್ತು. ಇತ್ತೀಚಿನ ವರ್ಷಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ಒಳ್ಳೆಯದೇ. ಆದರೆ ಸಿಮೆಂಟು ನೀರಿನ ಸೋರಿಕೆಯನ್ನು ತಡೆಯಬಲ್ಲದು, ಮನಸ್ಸಿನ ಆಸೆಯನ್ನು ತಡೆಯಲಾರದು.

ದೊಡ್ಡ ಕಟ್ಟೋಣಗಳ ಕತೆಯೂ ಬೇರೆಯಲ್ಲ. ಹೊಸಪೇಟೆಯ ಮೇಲಿನ ತುಂಗಭದ್ರಾ ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತಿತು. ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ ಕಟ್ಟಿದ್ದೆಂದು ಹೇಳುವ ವಲ್ಲಭಾಪುರದ ಒಡ್ಡು ಅದರ ಹಿನ್ನೀರಿನಲ್ಲಿ ಮುಳುಗಿತು. ಅದರಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆಗೆ ಅಂದಿನಿಂದ ಜಲಾಶಯದ ನೀರೇ ಆಧಾರ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ತುಂಬಿದ ಜಲಾಶಯ ಕಣ್ಣೆದುರು ಬರಿದಾಗುತ್ತಿತ್ತು. ಕೆಲಸಗಾರರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸುವವರೆಗೆ ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದಿದ್ದರು. ಎಪ್ಪತ್ತು ವರ್ಷ ನಿಂತ ಕಟ್ಟೆಯನ್ನು ಅಲುಗಿಸಲು ಒಂದು ಕೊಂಡಿ ಸಾಕಾಯಿತು.

ಕಟ್ಟಿದವರ ಹೆಸರು ಶಾಸನದಲ್ಲಿ ಇರುತ್ತದೆ. ಕಾಯ್ದವರ ಹೆಸರು ಇರುವುದಿಲ್ಲ. ಆದರೆ ಕಟ್ಟಿದ್ದು ಉಳಿಯುವುದು ಕಾಯ್ದವರಿಂದ. ಧರ್ಮಕ್ಕೂ ಇದೇ ಮಾತು ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕಾಲುವೆ ತೆಗೆದು ಕೊಟ್ಟುಹೋದರು. ಜಾತಿಯ ಹೂಳು, ಸ್ವಾರ್ಥದ ಹೂಳು, ಡಂಭದ ಹೂಳು ಪ್ರತಿ ತಲೆಮಾರಿನಲ್ಲೂ ಬಂದು ತುಂಬುತ್ತದೆ. ಅದನ್ನು ತೆಗೆಯದೆ ಜಯಂತಿ ಮಾಡಿ, ಮೂರ್ತಿ ನಿಲ್ಲಿಸಿ, ಹಾರ ಹಾಕಿದರೆ ಮೇಲ್ದಂಡೆಯವರಿಗೆ ನೀರು ಸಿಕ್ಕೀತು. ಕೊನೆಯ ಹೊಲಕ್ಕೆ ಮುಟ್ಟಲಾರದು.

ನಮ್ಮ ಮನೆಯ ಬಾವಿ

ಇಷ್ಟೆಲ್ಲ ಹೇಳುವ ಅಧಿಕಾರ ನಮಗಿದೆಯೇ ಎಂಬ ಪ್ರಶ್ನೆ ಹಿಂತಿರುಗುವ ದಾರಿಯಲ್ಲೇ ಎದ್ದಿತು. ನಮ್ಮ ಮಠದ ಹಿಂದೆ ಹಿರಿಯ ಗುರುಗಳು ತೋಡಿಸಿದ ಮೆಟ್ಟಿಲಬಾವಿಯಿತ್ತು. ನಾವು ಚಿಕ್ಕವರಿದ್ದಾಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆ ನೀರನ್ನೇ ಪೂಜೆಗೆ, ದಾಸೋಹದ ಅಡುಗೆಗೆ ಸೇದುತ್ತಿದ್ದೆವು. ಬರಗಾಲದಲ್ಲಿ ಊರಿನ ಎಲ್ಲ ಓಣಿಯವರೂ ಅದರಿಂದ ನೀರು ಒಯ್ದದ್ದುಂಟು. ಕೆಲವು ವರ್ಷಗಳ ಹಿಂದೆ ಕಲ್ಯಾಣಮಂಟಪ ಕಟ್ಟುವಾಗ ಹಳೆಯ ಗೋಡೆಯ ಮಣ್ಣುಕಲ್ಲು ಎಲ್ಲಿ ಹಾಕಬೇಕೆಂದು ಕೆಲಸದವರು ಕೇಳಿದರು. ಕೊಳವೆಬಾವಿ ಇದೆಯಲ್ಲ, ಹಳೆಯ ಬಾವಿಗೆ ಹಾಕಿರಿ ಎಂದವರು ಬೇರೆ ಯಾರೂ ಅಲ್ಲ, ನಾವೇ. ಆಮೇಲೆ ಕೊಳವೆಬಾವಿ ಬತ್ತಿತು. ಇನ್ನೊಂದು ಕೊರೆಸಿದೆವು. ಅದೂ ಬತ್ತಿತು. ಈಗ ಜಾತ್ರೆಯ ದಾಸೋಹಕ್ಕೆ ಟ್ಯಾಂಕರು ತರಿಸುತ್ತಿದ್ದೇವೆ.

ಹಂಪೆಯ ಒಣಗಿದ ಕಾಲುವೆಯನ್ನು ಕಂಡು ಅರಸರ ಬಗ್ಗೆ ಮಾತಾಡುವುದು ಸುಲಭ. ನಮ್ಮ ಬಾವಿಗೆ ಮಣ್ಣು ಹಾಕಿಸಿದವರು ಯಾವ ಸುಲ್ತಾನರೂ ಅಲ್ಲ.

ಮರಳಿ ಬಂದ ಮೊದಲ ಸೋಮವಾರ ಪೂಜೆಯಾದ ಮೇಲೆ ಬಾವಿಯ ಮಣ್ಣು ತೆಗೆಯಲು ಆರಂಭಿಸಿದೆವು. ಮೊದಲ ಬುಟ್ಟಿ ನಾವೇ ಹೊತ್ತೆವು. ಹಂಪೆಗೆ ಬಂದಿದ್ದ ಭಕ್ತರು ಬಂದರು. ಅವರನ್ನು ನೋಡಿ ಊರಿನ ಹುಡುಗರು ಬಂದರು. ಬಾವಿಯ ನೀರನ್ನು ನೆನಪಿಟ್ಟುಕೊಂಡಿದ್ದ ಬೇರೆ ಓಣಿಯ ತಾಯಂದಿರೂ ಬಂದರು. ಪ್ರತಿ ಸೋಮವಾರ ಕೆಲಸ ನಡೆದಿದೆ. ಅನುಕೂಲಸ್ಥರೊಬ್ಬರು, ಪೂರ್ತಿ ಖರ್ಚು ನಾವು ಕೊಡುತ್ತೇವೆ, ನಮ್ಮ ತಂದೆಯವರ ಹೆಸರಿನ ಕಲ್ಲು ಹಾಕಿಸಿರಿ ಎಂದರು. ಕಾಣಿಕೆ ಬೇಡ, ಸೋಮವಾರ ಬಂದು ನಾಲ್ಕು ಬುಟ್ಟಿ ಮಣ್ಣು ಹೊರಿರಿ ಎಂದೆವು. ಒಂದು ವಾರ ಬರಲಿಲ್ಲ. ಎರಡನೆಯ ವಾರ ಬಂದರು.

ಇದನ್ನು ಬರೆಯುವ ಹೊತ್ತಿಗೆ ಹದಿನಾರು ಮೆಟ್ಟಿಲು ಕಂಡಿವೆ. ನೀರು ಇನ್ನೂ ಕಂಡಿಲ್ಲ. ಕೊನೆಯ ಸೋಮವಾರ ಬಂದ ಮಣ್ಣು ಮಾತ್ರ ಹಸಿಯಾಗಿತ್ತು.

ನಡೆಯಲು ಹೊರಡುವವರಿಗೆ

ಹಂಪೆ ಹೊಸಪೇಟೆಯಿಂದ ಸುಮಾರು 13 ಕಿಲೋಮೀಟರ್. ಕಾರ್ತೀಕದಿಂದ ಮಾಘದವರೆಗೆ ಬಿಸಿಲು ಕಡಿಮೆ, ನಡೆಯಲು ಹಿತ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ದಂಡೆಯ ದಾರಿ ಅಪಾಯಕರವಾಗುತ್ತದೆ. ಆಗ ಹರಿಗೋಲನ್ನೂ ಹೊಳೆಗೆ ಇಳಿಯುವುದನ್ನೂ ಬಿಡಬೇಕು. ಉಳಿದ ದಿನಗಳಲ್ಲೂ ಚಕ್ರತೀರ್ಥದ ಸುಳಿಯ ಬಗ್ಗೆ ಎಚ್ಚರ ಇರಲಿ. ಮೊದಲ ದಿನ ಬೆಳಿಗ್ಗೆ ಹೊಳೆಯ ದಂಡೆ, ಸಂಜೆ ಬಡವಿಲಿಂಗ ಮತ್ತು ಕಾಲುವೆ. ಮರುದಿನ ಬೆಳಿಗ್ಗೆ ಅರಮನೆಯ ಆವರಣ, ಸಂಜೆ ಮತ್ತೆ ಕಾಲುವೆಯ ದಂಡೆ. ಹೀಗೆ ಎರಡು ದಿನವಿದ್ದರೆ ಅವಸರವಿಲ್ಲದೆ ನಡೆಯಬಹುದು. ಕಾಲುವೆಯ ದಂಡೆ ರೈತರ ದಾರಿ. ಹೊಲದವರನ್ನು ಕೇಳಿ ನಡೆಯಿರಿ, ಬೆಳೆ ತುಳಿಯಬೇಡಿ. ಸೋಪು, ಪ್ಲಾಸ್ಟಿಕ್ ಹೊಳೆಗೆ ಒಯ್ಯಬೇಡಿ. ಒಂದು ಖಾಲಿ ಚೀಲ ಮಾತ್ರ ಮರೆಯದೆ ಒಯ್ಯಿರಿ.

ಹಂಪೆಗೆ ಹೋಗಲಾಗದವರು ಬೇಸರಪಡಬೇಕಾಗಿಲ್ಲ. ನಿಮ್ಮ ಊರಿನಲ್ಲೂ ಒಂದು ಹಳ್ಳ, ಒಂದು ಕೆರೆ, ಒಂದು ತೂಬು ಇದ್ದೇ ಇರುತ್ತದೆ. ಬರುವ ಸೋಮವಾರ ಮಕ್ಕಳನ್ನು ಕರೆದುಕೊಂಡು ಅದರ ದಂಡೆ ಹಿಡಿದು ನಡೆಯಿರಿ. ಎಲ್ಲಿ ಹೂಳು ತುಂಬಿದೆ, ಯಾರ ಹೊಲಕ್ಕೆ ನೀರು ಮುಟ್ಟಿಲ್ಲ ಎಂಬುದನ್ನು ನೋಡಿ ಬನ್ನಿರಿ. ನಿಮ್ಮ ಹೆಜ್ಜೆಯನ್ನು ಜಗದ್ಗುರುಗಳು, ಶಿವಶರಣರು ಹರಸಲಿ.